ಬಾಯಿ ಬಿಡದ ಅಳಿಯನೂ ಬಾಯಿ ಮುಚ್ಚದ ನಾನೂ

ಇದರೊಳಗಿನ ಒಂದೊಂದು ಅಕ್ಷರವೂ ಖರೇ. ಘತ್ತರಗಿ ಭಾಗ್ಯವಂತಿಯ ಆಣೆ, ಭೀಮೆಯ ನೀರು ಮುಟ್ಟಿ ಹೇಳುತ್ತೇನೆ. ಈಗ ನಾನು ಕೂತಿರುವುದು ಆಳಂದದಲ್ಲಿ, ಇಲ್ಲಿ ಭೀಮೆ ಇಲ್ಲ, ಹಾಗಾಗಿ ಸದ್ಯಕ್ಕೆ ನಳದ ನೀರು ಮುಟ್ಟಿದ್ದೇನೆ. ನೀರು ನೀರೇ, ಆಣೆ ಆಣೆಯೇ.

ನಾನು ಮೂವತ್ತೆರಡು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ನನ್ನ ಸೀಟಿ ಕೇಳದ ಕಿವಿ ಇಲ್ಲ. ನಾನು 'ರೈಟ್' ಅಂದರೆ ನಮ್ಮ ಬಸ್ಸಷ್ಟೇ ಅಲ್ಲ, ಹಿಂದೆ ನಿಂತ ಎತ್ತಿನ ಗಾಡಿಯೂ ಹೊರಡುತ್ತಿತ್ತು. ಅಷ್ಟು ವರ್ಷ ಬಾಯಿಯಿಂದಲೇ ಬದುಕಿದವನಿಗೆ ದೇವರು ಎಂಥ ಅಳಿಯನನ್ನು ಕೊಟ್ಟ ನೋಡಿ. ಅಕ್ಕನ ಮಗ, ಸೈನ್ಯದಲ್ಲಿದ್ದಾನೆ. ಎಲ್ಲಿದ್ದಾನೆ ಎಂದು ಮಾತ್ರ ಕೇಳಬೇಡಿ. ಅದನ್ನು ಕೇಳಿ ಕೇಳಿ ಮೂರೂ ತಾಲೂಕು ಸೋತು ಕೂತಿವೆ.

ಸೈನಿಕನ ಬಾಯಿಗೆ ಕಾಯ್ದೆ ಇದೆ. ಯಾವ ಪಲ್ಟಣ, ಯಾವ ಊರು ಎಂದು ಹೊರಗೆ ಹೇಳುವಂತಿಲ್ಲ. ಪತ್ರಿಕೆ, ಟಿ.ವಿ.ಯವರಿಗೆ ಮೇಲಿನವರ ಪರವಾನಗಿ ಇಲ್ಲದೆ ಹೇಳಿಕೆ ಕೊಡುವಂತಿಲ್ಲ. ರಾಜಕೀಯದ ಸಭೆಯಲ್ಲಿ ಕೂಡುವಂತಿಲ್ಲ. ಸಮವಸ್ತ್ರದ ಫೋಟೋ ಮೊಬೈಲಿನಲ್ಲಿ ಊರಿಗೆಲ್ಲ ಹಂಚುವಂತಿಲ್ಲ. ಇಂಥ ಕಾಯ್ದೆ ಕಂಡಕ್ಟರಿಗೆ ಇದ್ದಿದ್ದರೆ ನಾನು ಮೊದಲ ಸ್ಟಾಪಿನಲ್ಲೇ ರಾಜೀನಾಮೆ ಕೊಟ್ಟು ಇಳಿಯುತ್ತಿದ್ದೆ. ಇವನು ಹತ್ತು ವರ್ಷದಿಂದ ಅದನ್ನು ಹೊತ್ತುಕೊಂಡು ನಗುತ್ತಾ ಓಡಾಡುತ್ತಾನೆ. ಇಂಥವನಿಗೂ ನನ್ನಂಥವನಿಗೂ ಒಂದೇ ರಕ್ತ ಎಂದಮೇಲೆ ಪ್ರಸಂಗಗಳು ತಾವಾಗಿಯೇ ಹುಟ್ಟುತ್ತವೆ, ನಾನು ಏನನ್ನೂ ಹುಟ್ಟಿಸಬೇಕಾಗಿಲ್ಲ.

ಈ ಸಲ ಅವನು ಒಂದು ತಿಂಗಳ ರಜೆಯ ಮೇಲೆ ತನ್ನೂರು ಹಿರೋಳ್ಳಿಗೆ ಬಂದ. ಬಂದ ದಿನವೇ ಅಕ್ಕ ನನ್ನನ್ನು ಕರೆಸಿದಳು.

"ತಮ್ಮಾ, ಈ ರಜಾದಾಗ ಇವನ ಲಗ್ನ ಗಟ್ಟಿ ಆಗಬೇಕು ನೋಡು. ಹೋದ ಸಲ ಎರಡು ಸಂಬಂಧ ಕೈ ಬಿಟ್ಟು ಹೋದವು. 'ಎಲ್ಲಿ ಇರ್ತೀಪಾ' ಅಂತ ಕೇಳಿದ್ರ ಇವ ಬಾಯಿ ಬಿಡಲಿಲ್ಲ. ಎಲ್ಲಿ ಇರ್ತಾನಂತ ಗೊತ್ತಿಲ್ಲದವಗ ಯಾರು ಹೆಣ್ಣು ಕೊಡ್ತಾರ? ಇವಗ ಬಾಯಿ ಬಿಡಾಕ ಬರಾಂಗಿಲ್ಲ, ನಿನಗ ಬಾಯಿ ಮುಚ್ಚಾಕ ಬರಾಂಗಿಲ್ಲ. ಇಬ್ಬರೂ ಕೂಡಿ ಏನರ ಮಾಡ್ರಿ."

ನಾನು ಎದೆ ತಟ್ಟಿ ಹೇಳಿದೆ, "ಅಕ್ಕಾ, ಒಂದು ತಿಂಗಳು ಯಾಕ ಬೇಕು? ನನಗ ಒಂದು ವಾರ ಸಾಕು."

ಆ ಒಂದು ವಾರ ಎಳೆದು ಎಳೆದು ಹೇಗೆ ತಿಂಗಳಾಯಿತು ಎನ್ನುವುದೇ ಕೆಳಗಿನದು.

ಅಖ್ರೋಟದ ಪತ್ತೇದಾರಿ

ಆಳಂದ ಬಸ್‌ಸ್ಟ್ಯಾಂಡಿನ ಎದುರಿಗೆ ಒಬ್ಬ ಚಾಚಾನ ಚಹಾ ಹೋಟೆಲಿದೆ. ಊರಿನ ಯಾವ ಗುಟ್ಟೂ ಆ ಹೋಟೆಲು ದಾಟಿ ಹೋಗಿದ್ದಿಲ್ಲ. ಅಳಿಯನನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋದೆ. ನಾಲ್ಕು ಮಂದಿಗೆ ಹುಡುಗ ಕಂಡರೆ ನಾಲ್ಕು ಸಂಬಂಧ ಬರುತ್ತವೆ ಎಂದು ನನ್ನ ಲೆಕ್ಕಾಚಾರ. ಹುಡುಗ ಬರಿಗೈಯಲ್ಲಿ ಬರಲಿಲ್ಲ, ಚಾಚಾನಿಗೆ ಒಂದು ಚೀಲ ಅಖ್ರೋಟ ತಂದಿದ್ದ.

ಚಾಚಾ ಚೀಲ ಬಿಚ್ಚಿ ನೋಡಿದ್ದೇ ತಡ, ಕೈ ಎತ್ತಿ ಸಾರಿದ. "ಅಖ್ರೋಟ್! ಬಸ್, ಸಮಜ್ ಗಯಾ. ಹುಡುಗ ಕಾಶ್ಮೀರದಾಗ ಅದಾನ!"

ಮೂಲೆಯಲ್ಲಿದ್ದ ಟೇಲರ್ ಒಪ್ಪಲಿಲ್ಲ. "ಮಾರಿ ನೋಡ್ರಿ ಚಾಚಾ, ಹೆಂಗ ಸುಟ್ಟಾದ. ಇದು ಉಸುಕಿನ ಬಿಸಿಲು. ರಾಜಸ್ಥಾನ."

ಗೊಬ್ಬರದ ಅಂಗಡಿಯವ ಎದ್ದು ಬಂದು ಹುಡುಗನ ಸ್ವೆಟರ್ ಹಿಂಡಿ ನೋಡಿದ. "ಬಿಸಿಲಿದ್ದಲ್ಲಿ ಇಂಥ ದಪ್ಪಂದು ಯಾಕ ಬೇಕು? ಚೀನಾ ಕಡಿ ಬಾರ್ಡರ್. ಬರದು ಕೊಡ್ತೇನಿ."

ಅರ್ಧ ತಾಸು ಹೋಟೆಲಿನಲ್ಲಿ ಭಾರತದ ನಕಾಶೆಯೇ ತಿರುಗಿತು. ಅಳಿಯ ಚಹಾ ಕುಡಿದು, ಕಪ್ಪು-ಬಸಿ ಕೆಳಗಿಟ್ಟು, ಮೆಲ್ಲಗೆ ಹೇಳಿದ, "ಅಖ್ರೋಟ ಕಲಬುರಗಿ ಮಾರ್ಕೆಟಿನಾಗ ತಗೊಂಡೇನ್ರಿ ಚಾಚಾ. ಸ್ವೆಟರ್ ಸೊಲ್ಲಾಪುರದ್ದು."

"ಮತ್ತ ಮಾರಿ?"

"ಮಾರಿ ಹಿರೋಳ್ಳೀದ್ರಿ. ಹುಟ್ಟಿದಾಗಿಂದ ಹಿಂಗ ಅದ."

ಚಾಚಾ ಬಿಡಲಿಲ್ಲ. ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟ. "ಅಲ್ಲಿ ಥಂಡಿ ಹೆಂಗ ಬೇಟಾ?"

"ಚಳಿಗಾಲದಾಗ ಇರ್ತದ್ರಿ."

"ಬ್ಯಾಸಗ್ಯಾಗ?"

"ಬ್ಯಾಸಗಿ ಇರ್ತದ್ರಿ."

"ಊಟ?"

"ಹೊತ್ತಿಗೆ ಸರಿಯಾಗಿ ಕೊಡ್ತಾರ್ರಿ."

"ನಿನ್ನ ಸಂಗಾಟ ಎಷ್ಟು ಮಂದಿ ಇರ್ತಾರ?"

"ಬೇಕಾದಷ್ಟು ಮಂದಿ ಇರ್ತಾರ್ರಿ."

ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ, "ನಲವತ್ತು ವರ್ಷ ಆಯ್ತು ಈ ಗಲ್ಲೆ ಮ್ಯಾಲ ಕುಂತು. ದೊಡ್ಡ ದೊಡ್ಡ ಕಳ್ಳರ ಬಾಯಿ ಬಿಡಿಸೀನಿ ಬರೇ ಚಹಾದಾಗ. ಇವನ್ನ ದುಶ್ಮನ್ ಹಿಡಕೊಂಡು ಹೋದ್ರ ಅವನೇ ಬ್ಯಾಸತ್ತು, ಚಹಾ ಕುಡಿಸಿ, ವಾಪಸ್ ತಂದು ಬಿಟ್ಟು ಹೋಗ್ತಾನ!"

ನಡುವೆ ತೂತಿದ್ದ ಸ್ವಾಗತ

ಹೋಟೆಲಿನಿಂದ ಒಂದೂ ಸಂಬಂಧ ಬರಲಿಲ್ಲ. ನನಗೆ ಹೊಳೆಯಿತು, ಹುಡುಗ ಬಾಯಿ ಬಿಡದಿದ್ದರೇನು, ಫ್ಲೆಕ್ಸ್ ಮಾತಾಡುತ್ತದಲ್ಲ. ಅಕ್ಕನ ಮನೆಯ ಗೋಡೆಯ ಮೇಲಿದ್ದ ಸಮವಸ್ತ್ರದ ಫೋಟೋವನ್ನು ಮೊಬೈಲಿನಲ್ಲಿ ತೆಗೆದೆ. ನನ್ನದೂ ಒಂದು ಫೋಟೋ ಜೊತೆಗಿಟ್ಟು ಫ್ಲೆಕ್ಸ್ ಅಂಗಡಿಗೆ ಕಳಿಸಿದೆ, ಎರಡನ್ನೂ ನಾನಿರುವ ಹನ್ನೊಂದು ವಾಟ್ಸಾಪ್ ಗುಂಪಿಗೂ ಹಾಕಿದೆ.

ಮರುದಿನ ಮುಂಜಾನೆ ಆಳಂದದ ಚೌಕಿನಲ್ಲಿ ಫ್ಲೆಕ್ಸ್ ನಿಂತಿತ್ತು. 'ವೀರಯೋಧನಿಗೆ ಹಾರ್ದಿಕ ಸ್ವಾಗತ.' ನಡುವೆ ಅಳಿಯ. ಅವನ ತಲೆಯ ಮೇಲೆ, ಅವನಿಗಿಂತ ಎರಡು ಪಟ್ಟು ದೊಡ್ಡದಾಗಿ ನಾನು, ಕಪ್ಪು ಕನ್ನಡಕ ಹಾಕಿ, ಕಿವಿಗೆ ಮೊಬೈಲ್ ಹಿಡಿದು. ಸುತ್ತಲೂ ಎಂಟು ಮಂದಿ ಶುಭಕೋರುವವರು. ಅವರಲ್ಲಿ ಇಬ್ಬರು ಯಾರೆಂದು ನನಗೂ ಗೊತ್ತಿಲ್ಲ, ಫ್ಲೆಕ್ಸ್ ಅಂಗಡಿಯವ ಜಾಗ ಉಳಿಯಿತೆಂದು ಹಾಕಿದ್ದ.

ಅಳಿಯ ಬಂದು ನೋಡಿದವನೇ ನನ್ನ ಕೈ ಹಿಡಿದ. "ಮಾಮಾ, ಇದನ್ನ ಇಳಸ್ರಿ."

"ಯಾಕಲೇ? ಇಷ್ಟು ಚಂದ ಬಂದಾದ."

"ಮಾರಿ ನಂದೇ ಖರೇ, ಮೈಮ್ಯಾಲಿನ ಬಟ್ಟಿ ನಂದೊಬ್ಬಂದಲ್ರಿ. ಎದಿಮ್ಯಾಲಿನ ಪಟ್ಟಿ ಓದಿದ್ರ ನಾ ಯಾರು, ಯಾವ ಪಲ್ಟಣ ಅಂತ ಗೊತ್ತಾಗ್ತದ. ಈ ಫೋಟೋ ಎಲ್ಲಿಂದೆಲ್ಲಿಗೆ ಹೋಗ್ತದೋ! ನನಗೇನರ ಆದ್ರ ಆಗ್ಲಿ, ಸಂಗಾಟ ಇದ್ದವರಿಗೆ ಯಾಕ್ರಿ ತ್ರಾಸು?"

"ಆಯ್ತಪಾ, ಇಳಸೂಣು" ಎಂದೆ. ಮೂವತ್ತೆರಡು ವರ್ಷದಲ್ಲಿ ಎದುರು ಮಾತಾಡದೆ ಒಪ್ಪಿದ್ದು ಅದೇ ಮೊದಲು. ಆದರೆ ಕಟ್ಟಿದವರು ನಾಷ್ಟಾಕ್ಕೆ ಹೋಗಿದ್ದರು, ಫ್ಲೆಕ್ಸ್ ಇಳಿಸಲು ಆಳಿರಲಿಲ್ಲ. ಕೊನೆಗೆ ಅವನೇ ಏಣಿ ಹತ್ತಿ, ಬ್ಲೇಡಿನಿಂದ ತನ್ನ ಚಿತ್ರವನ್ನಷ್ಟೇ ಕತ್ತರಿಸಿ, ಮಡಚಿ, ಚೀಲಕ್ಕೆ ಹಾಕಿಕೊಂಡ.

ಈಗ ಫ್ಲೆಕ್ಸ್ ಹೇಗೆ ಕಂಡಿತು ಹೇಳಿ. 'ವೀರಯೋಧನಿಗೆ ಹಾರ್ದಿಕ ಸ್ವಾಗತ', ಅದರ ಕೆಳಗೆ ಕನ್ನಡಕ ಹಾಕಿದ ನಾನು, ನನ್ನ ಕೆಳಗೆ ಒಂದು ತೂತು. ಮಧ್ಯಾಹ್ನದ ಹೊತ್ತಿಗೆ ಸಾಲಿ ಮುಗಿಸಿ ಮನೆಗೆ ಹೊರಟ ಮಕ್ಕಳು ನನಗೆ ಸೆಲ್ಯೂಟ್ ಹೊಡೆದವು. ಹಣ್ಣಿನ ಅಂಗಡಿಯ ಮುದುಕಿ ಎರಡು ಬಾಳೆಹಣ್ಣು ಕೈಗಿಟ್ಟು, "ಈ ವಯಸ್ಸಿನಾಗೂ ಬಾರ್ಡರಿಗೆ ಕಳಸ್ತಾರೇನಪಾ, ಸರ್ಕಾರಕ್ಕ ಕರುಣಾನೇ ಇಲ್ಲ" ಎಂದು ಕಣ್ಣೊರೆಸಿಕೊಂಡಳು.

ನಾನು ಹಣ್ಣು ತಿಂದೆ. ದೇಶಕ್ಕಾಗಿ ಅಷ್ಟಾದರೂ ಮಾಡಬೇಡವೇ?

ಹನ್ನೊಂದು ಗುಂಪಿನ ಯಾತ್ರೆ

ಫ್ಲೆಕ್ಸ್ ಕತ್ತರಿಸಿದ್ದಾಯಿತು, ವಾಟ್ಸಾಪಿನದು ಉಳಿಯಿತು. ನನ್ನ ಮೊಬೈಲಿನಿಂದ ಅಳಿಸಿದೆ, ಆದರೆ ಅಷ್ಟರಲ್ಲೇ ಮಂದಿ ಇಳಿಸಿಕೊಂಡು ಬಿಟ್ಟಿದ್ದರು. ಫೋನು ಮಾಡಿ 'ಡಿಲೀಟ್ ಮಾಡ್ರಿ' ಅಂದರೆ 'ಅದು ಹೆಂಗ ಮಾಡೋದು, ನೀನೇ ಬಂದು ಮಾಡಿ ಹೋಗು' ಅಂದರು. ನಮ್ಮ ಮಂದಿಗೆ ಫೋಟೋ ಇಳಿಸಲು ಬರುತ್ತದೆ, ಅಳಿಸಲು ಬರುವುದಿಲ್ಲ.

ಎರಡು ದಿನ ಬಸ್ಸು ಹತ್ತಿ ಇಳಿದು ಮನೆಮನೆಗೆ ಹೋಗಿ ಅಳಿಸಿದೆ. ಅಳಿಯನೂ ಜೊತೆಗೆ ಬಂದ, ಎಲ್ಲರಿಗೂ ಕೈ ಮುಗಿದು, "ತಪ್ಪು ತಿಳಕೋಬ್ಯಾಡ್ರಿ" ಎಂದ. ನನ್ನ ಮೇಲೆ ಒಂದು ಮಾತು ಸಿಟ್ಟು ಮಾಡಲಿಲ್ಲ. ನಾನಾಗಿದ್ದರೆ ಅಂಥ ಮಾಮನನ್ನು ನಡುದಾರಿಯಲ್ಲೇ ಇಳಿಸಿ ಹೋಗುತ್ತಿದ್ದೆ.

ಎಲ್ಲರೂ ಅಳಿಸಲು ಬಿಟ್ಟರು, ಘತ್ತರಗಿಯಲ್ಲಿ ಕಾಯಿ ಮಾರುವ ನಮ್ಮ ಚಿಕ್ಕವ್ವ ಒಬ್ಬಳನ್ನು ಬಿಟ್ಟು. ಅವಳ ಮೊಬೈಲು ದೇವರ ಜಗಲಿಯ ಮೇಲಿತ್ತು. ಪರದೆಯ ತುಂಬ ಅಳಿಯನ ಫೋಟೋ, ಫೋಟೋದ ಹಣೆಗೆ ಕುಂಕುಮ.

"ಚಿಕ್ಕವ್ವಾ, ಕಾಯ್ದೆ ಅದ. ಅಳಸಬೇಕು."

"ಜಗಲಿ ಮ್ಯಾಲ ಇಟ್ಟದ್ದನ್ನ ಅಳಸ್ತಾರೇನ್ಲೇ? ಮುಂಜಾನೆದ್ದು ಊದಿನಕಡ್ಡಿ ಹಚ್ಚಾಕತ್ತೇನಿ. ಮೊದಲ ಭಾಗ್ಯವಂತಿಗೆ, ಆಮ್ಯಾಲ ಇವಗ."

ಅಳಿಯ ಅವಳ ಮುಂದೆ ನೆಲಕ್ಕೆ ಕೂತ. "ಆಯೀ, ನಾನೇ ಬಂದೇನಲ್ಲ. ನನ್ನ ಹಣಿಗೇ ಹಚ್ಚು. ಫೋಟೋ ಬಿಟ್ಟುಬಿಡು."

ಚಿಕ್ಕವ್ವ ಅವನ ಹಣೆಗೆ ಕುಂಕುಮ ಹಚ್ಚಿ, ತಲೆ ಸವರಿ, ಮೊಬೈಲು ಕೊಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳು ಹೇಳಿದಳು, "ನೀ ಯಾಕ ಅಳಾಕತ್ತಿ? ನಿಂದೂ ಒಂದು ಫೋಟೋ ಕಳಿಸಿದ್ದಿಯಲ್ಲ, ಕನ್ನಡಕದ್ದು. ಅದನ್ನ ನಾ ಅವತ್ತೇ ಅಳಸೀನಿ. ಅದಕ್ಕ ಯಾರೂ ಹೇಳಿಕೊಡಬೇಕಾಗಲಿಲ್ಲ."

ಚಪ್ಪಾಳೆಯೂ ಅಭಿಪ್ರಾಯವೇ

ಜೇವರ್ಗಿಯಲ್ಲಿ ನನಗೆ ಪರಿಚಯದ ಒಬ್ಬ ಪುಢಾರಿ ಇದ್ದಾನೆ. ಯಾವ ಪಕ್ಷದವ ಎಂದು ಹೇಳುವುದು ಕಷ್ಟ, ನಾನು ಇದನ್ನು ಬರೆದು ಮುಗಿಸುವ ಹೊತ್ತಿಗೆ ಬದಲಾಗಿರುತ್ತದೆ. ಅವನು ಸಂಬಂಧ ಕೂಡಿಸುವುದರಲ್ಲೂ ನಿಸ್ಸೀಮ. "ಹುಡುಗನ್ನ ನಮ್ಮ ಸಭಾಕ್ಕ ಕರಕೊಂಡು ಬರ್ರಿ. ವೇದಿಕೆ ಮ್ಯಾಲ ಸನ್ಮಾನ ಮಾಡೂಣು. ನೂರು ಹೆಣ್ಣಿನ ತಂದಿಯರು ಕೆಳಗ ಕುಂತಿರ್ತಾರ" ಎಂದ. ನಾನು ಒಪ್ಪಿ ಬಂದೆ.

ಅಳಿಯ ಒಂದೇ ಮಾತು ಹೇಳಿದ. "ಪಕ್ಷದ ಸಭಾದಾಗ ನಾ ಕೂಡಾಂಗಿಲ್ರಿ ಮಾಮಾ."

"ಹಂಗಾರ ಮ್ಯಾಲ ಕೂಡಬ್ಯಾಡ. ಕೆಳಗ ಕೂಡು."

"ಕೆಳಗೂ ಅದು ಸಭಾನೇ."

"ಹೊರಗ ನಿಂದ್ರು. ಒಳ್ಳೆ ಮಾತು ಬಂದಾಗ ಎರಡು ಚಪ್ಪಾಳಿ ಹೊಡಿ, ಅಷ್ಟೇ."

"ಚಪ್ಪಾಳಿ ಹೊಡದ್ರೂ ಅದು ಅಭಿಪ್ರಾಯ ಆಗ್ತದ್ರಿ."

"ಏನಲೇ, ನಿನಗ ಓಟಿನ ಹಕ್ಕರ ಅದೋ ಇಲ್ಲೋ?"

"ಅದ್ರಿ. ಲಕೋಟಿಯೊಳಗ ಹಾಕಿ ಕಳಸ್ತೇನಿ. ಯಾರಿಗಂತ ಲಕೋಟಿಗೂ ಗೊತ್ತಿರಾಂಗಿಲ್ಲ."

ಅವನು ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ, ವೇದಿಕೆಗೆ ಬೆನ್ನು ತಿರುಗಿಸಿ ನಿಂತ. ಒಳಗೆ ಮೈಕಿನಲ್ಲಿ ಕೂಗಿದರು, "ನಮ್ಮ ನಡುವಿನ ವೀರಯೋಧ ಈಗ ವೇದಿಕೆಗೆ ಬರಬೇಕು!" ಯಾರೂ ಬರಲಿಲ್ಲ. ಹಾರ ಹಿಡಿದವನ ಕೈ ಸೋತಿತು. ಸಭೆಯ ಮರ್ಯಾದೆ ಹೋಗಬಾರದೆಂದು ನಾನೇ ಎದ್ದು ಹೋಗಿ ಕೊರಳೊಡ್ಡಿದೆ. ಶಾಲು ಹೊದಿಸಿದರು. ಎರಡು ಮಾತು ಆಡಬೇಕೆಂದರು.

ಎರಡು ಮಾತನ್ನು ಎರಡೇ ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ. ನನ್ನ ಮಾತು ಆಳಂದದಿಂದ ಹೊರಟು ಅಫಜಲಪುರಕ್ಕೆ ಬರುವಷ್ಟರಲ್ಲಿ ಅರ್ಧ ಮಂದಿ ಎದ್ದು ಹೋದರು, ಜೇವರ್ಗಿ ತಲುಪಿದಾಗ ಪುಢಾರಿಯೂ ಹೋಗಿದ್ದ. ಮೈಕಿನವ ಒಬ್ಬ ಉಳಿದಿದ್ದ. "ಭಾಳ ಚಲೋ ಆತ್ರಿ" ಎಂದು ಅವನು ವೈರು ಸುತ್ತತೊಡಗಿದ.

ಹೊರಗೆ ಬಂದರೆ ಅಳಿಯ ಕಬ್ಬಿನ ಹಾಲು ಹಿಡಿದು ನಿಂತಿದ್ದ. "ಮಾತು ಹೆಂಗಿತ್ತಲೇ?" ಅಂದೆ.

ಅವನು ನಕ್ಕು ಲೋಟ ಕೈಗಿಟ್ಟ. "ಅಭಿಪ್ರಾಯ ಹೇಳಾಂಗಿಲ್ರಿ."

ಜೀವನದಲ್ಲಿ ಮೊದಲ ಸಲ ಆ ಕಾಯ್ದೆಗೆ ಮನಸಾರೆ ಕೈ ಮುಗಿದೆ.

ಎರಡು ಗಾಡಿಯ ನಡುವೆ

ಬರುವ ದಾರಿಯಲ್ಲಿ ಭೀಮೆಗೆ ಕಟ್ಟಿದ ಸೊನ್ನದ ಬ್ಯಾರೇಜ್ ನೋಡಲು ಇಳಿದೆವು. ನೀರು ಬಿಟ್ಟಿದ್ದರು. ನೋಡಲು ಬಂದ ಮಂದಿಗಾಗಿ ಎರಡು ಮಿರ್ಚಿ ಭಜಿ ಗಾಡಿಗಳು ಎದುರುಬದುರು ನಿಂತಿದ್ದವು. ಮೊಬೈಲಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ವರದಿಗಾರ ಎಲ್ಲಿಂದಲೋ ವಾಸನೆ ಹಿಡಿದು ಬಂದ. ಖರೇ ಹೇಳಬೇಕೆಂದರೆ ನಾನೇ ಫೋನು ಮಾಡಿದ್ದೆ.

"ಸರ್, ಭೀಮಾ ನೀರಿನ ಬಗ್ಗೆ ಯೋಧರಾಗಿ ನಿಮ್ಮ ಅಭಿಪ್ರಾಯ?"

"ಕ್ಯಾಮರಾದಾಗ ಏನೂ ಹೇಳಾಕ ಬರಾಂಗಿಲ್ರಿ."

"ರಸ್ತೆ ಬಗ್ಗೆ?"

"ಬರಾಂಗಿಲ್ರಿ."

"ಹೋಗ್ಲಿ ಬಿಡ್ರಿ ಸರ್, ಭಜಿ ಹೆಂಗ ಅದ, ಅಷ್ಟರ ಹೇಳ್ರಿ!"

ಅಳಿಯ ಕೈಯಲ್ಲಿದ್ದ ಭಜಿ ನೋಡಿದ. ಆಮೇಲೆ ಎದುರಿನ ಗಾಡಿ ನೋಡಿದ. ಆ ಗಾಡಿಯವ ಭಜಿ ಎತ್ತುವ ಜಾರಿ ಹಿಡಿದು ಇವನ ಬಾಯಿಯನ್ನೇ ನೋಡುತ್ತಿದ್ದ. ಅಳಿಯ ಏನೂ ಹೇಳದೆ ರಸ್ತೆ ದಾಟಿದ, ಅಲ್ಲಿಯೂ ಒಂದು ಪ್ಲೇಟು ಕೊಂಡ, ಎರಡೂ ಪ್ಲೇಟಿನಿಂದ ಒಂದೊಂದು ತಿಂದ, ಎರಡೂ ಗಾಡಿಗೆ ಒಂದೇ ಅಳತೆಯ ನಮಸ್ಕಾರ ಮಾಡಿದ.

ಈಗ ನೀವು ಸೊನ್ನಕ್ಕೆ ಹೋದರೆ ಎರಡೂ ಗಾಡಿಗೆ ಒಂದೇ ಬೋರ್ಡು ಕಾಣುತ್ತದೆ. 'ಯೋಧರು ಮೆಚ್ಚಿದ ಭಜಿ.' ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದು ಪ್ರಮಾಣ ಮಾಡುತ್ತಾರೆ.

ಮಾಸ್ತರರ ಪ್ರಶ್ನೆಪತ್ರಿಕೆ

ಇಷ್ಟರಲ್ಲಿ ಅಫಜಲಪುರದಿಂದ ನಿಜವಾಗಿಯೂ ಒಂದು ಸಂಬಂಧ ಬಂತು. ಹುಡುಗಿ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ತಂದೆ ನಿವೃತ್ತ ಹೆಡ್‌ಮಾಸ್ತರು. ಹುಡುಗನನ್ನು ನೋಡಲು ಹಿರೋಳ್ಳಿಗೆ ಬಂದರು, ಕಿಸೆಯಲ್ಲಿ ಒಂದು ಹಾಳೆ. ಅದರಲ್ಲಿ ಅಂಕಿ ಹಾಕಿ ಪ್ರಶ್ನೆಗಳು.

"ಒಂದನೇದು. ನೌಕರಿ ಮಾಡೋ ಸ್ಥಳ ಯಾವುದು?"

ಅಳಿಯ ನೆಲ ನೋಡಿದ. ಅಕ್ಕ ಅಡುಗೆ ಮನೆಯ ಬಾಗಿಲಿಂದ ನನ್ನನ್ನು ನೋಡಿದಳು. ರಜೆ ಹನ್ನೆರಡೇ ದಿನ ಉಳಿದಿತ್ತು. ನಾನು ಗಂಟಲು ಸರಿ ಮಾಡಿಕೊಂಡೆ.

"ಮಾಸ್ತರ್, ಅವ ಹೇಳಾಂಗಿಲ್ಲ, ನಾ ಹೇಳ್ತೇನಿ. ನನಗ ಕಾಯ್ದೆ ಇಲ್ಲ. ಇವ ಒಂಟಿ ಮ್ಯಾಲ ಕುಂತು ಉಸುಕಿನಾಗ ಗಸ್ತು ಹೊಡಿತಾನ."

ಮಾಸ್ತರು ಅಳಿಯನ ಕಡೆ ತಿರುಗಿದರು. "ಹೌದೇನಪಾ?"

ಅವನು ಹೌದು ಎನ್ನುವ ಹಾಗಿಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ. "ಮಾಮಾ ಹೇಳಾಕತ್ತಾರ್ರಿ" ಎಂದ.

ಆಗ ನನಗೆ ತಿಳಿಯಿತು, ನಾನು ಎಂಥ ಸ್ವರ್ಗದಲ್ಲಿ ಕೂತಿದ್ದೇನೆ ಎಂದು. ನಾನು ಏನೇ ಹೇಳಲಿ, ಸುಳ್ಳು ಎನ್ನಲು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಸಾಕ್ಷಿ, ಅವನ ಬಾಯಿಗೆ ಕಾಯ್ದೆ! ಬಿಟ್ಟೇನೇ? ಹಿಮದಲ್ಲಿ ಮೂರು ದಿನ ಹೂತು ಕೂತದ್ದು ಹೇಳಿದೆ. ಹೆಲಿಕಾಪ್ಟರಿನ ಬಾಗಿಲು ಇವನೇ ರಿಪೇರಿ ಮಾಡಿದ್ದು ಹೇಳಿದೆ. ಪ್ರತಿ ಸಲ ಮಾಸ್ತರು "ಹೌದೇನಪಾ?" ಪ್ರತಿ ಸಲ ಇವನು "ಮಾಮಾ ಹೇಳಾಕತ್ತಾರ್ರಿ."

ಆರನೆಯದೋ ಏಳನೆಯದೋ ಸುಳ್ಳು ಹೇಳಿದಾಗ ಅಳಿಯನಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. "ಮಾಮಾ, ಸ್ವಲ್ಪ ಹೊರಗ ಬರ್ರಿ" ಎಂದು ನನ್ನನ್ನು ಹಿತ್ತಲಿನ ಬೇವಿನ ಗಿಡದ ಕೆಳಗೆ ಒಯ್ದ.

"ಮಾಮಾ, ಅದನ್ನ ನಿಮಗ ಯಾರು ಹೇಳಿದ್ರು?"

"ಯಾವುದನ್ನ?"

"ಈಗ ಹೇಳಿದ್ದನ್ನ."

"ಯಾರು ಹೇಳ್ತಾರಲೇ? ನಾನೇ ಕಟ್ಟಿದ್ದು!"

ಅವನು ನನ್ನ ಎರಡೂ ಕೈ ಹಿಡಿದ. "ಇನ್ನೊಮ್ಮೆ ಎಲ್ಲೂ ಹೇಳಬ್ಯಾಡ್ರಿ. ನನ್ನ ಆಣಿ."

ಅಂದರೆ ಜೀವಮಾನದಲ್ಲಿ ಒಮ್ಮೆ, ಗೊತ್ತಿಲ್ಲದೆ, ನಾನು ಖರೇ ಹೇಳಿಬಿಟ್ಟಿದ್ದೆ! ಆ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಒಂಟೆ, ಹಿಮ, ಹೆಲಿಕಾಪ್ಟರ್, ಇವು ಮೂರೂ ಅಲ್ಲ, ಅದಕ್ಕೇ ಅವನ್ನು ಬರೆದಿದ್ದೇನೆ.

ಒಳಗೆ ಬಂದು ನಾನೂ ಬಾಯಿ ಮುಚ್ಚಿ ಕೂತೆ. ಮಾಸ್ತರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ನಾವು ಇಬ್ಬರೂ ನೆಲ ನೋಡಿದೆವು. ಅವರು ಹಾಳೆ ಮಡಚಿದರು. "ಮೊದಲ ಒಬ್ಬ ಬರಿಲಿಲ್ಲ, ಈಗ ಇಬ್ಬರೂ ಬರಿಲಿಲ್ಲ. ಮೂವತ್ತು ವರ್ಷ ನಾ ಇಂಥ ಪೇಪರಿಗೆ ಸೊನ್ನೆ ಹಾಕೀನಿ."

ಅವರು ಎದ್ದು ಚಪ್ಪಲಿ ಹುಡುಕುತ್ತಿರುವಾಗ ಅಕ್ಕ ಹೊರಗೆ ಬಂದಳು. ಗಂಡಸರ ಮಾತಿನ ನಡುವೆ ಎಂದೂ ಬಾರದವಳು. "ಮಾಸ್ತರ್, ಇವ ವಾರಕ್ಕೊಮ್ಮೆ ಫೋನ್ ಮಾಡ್ತಾನ. 'ಅವ್ವಾ, ಆರಾಮ ಅದೀನಿ' ಅಂತಾನ, ಅಷ್ಟೇ. ಆ ಒಂದು ಮಾತಿನಾಗ ನನಗ ತಿಳಿತದ, ಇವ ಉಂಡಾನೋ ಇಲ್ಲೋ, ನಿದ್ದಿ ಮಾಡ್ಯಾನೋ ಇಲ್ಲೋ. ಎಲ್ಲಿ ಅದಾನಂತ ನಾ ಕೇಳಿಲ್ರಿ. ನಿಮ್ಮ ಮಗಳೂ ಒಮ್ಮೆ ಕೂಡಿ ಮಾತಾಡಿ ನೋಡ್ಲಿ."

ಮಾಸ್ತರು ಒಂದು ಕಾಲಿಗೆ ಚಪ್ಪಲಿ ಹಾಕಿದವರು ಹಾಗೆಯೇ ನಿಂತರು. "ಆಯ್ತವಾ. ಮರುಪರೀಕ್ಷಾಕ್ಕ ಕರಕೊಂಡು ಬಾ" ಎಂದರು.

ಅಂದು ರೊಟ್ಟಿ ಬಡಿಯುತ್ತಾ ಅಕ್ಕ ನನಗೆ ಹೇಳಿದಳು, "ಮರುಪರೀಕ್ಷಾಕ್ಕ ನೀ ಬರಬ್ಯಾಡ." ನಾನು ಹೋದೆ.

ಮರುಪರೀಕ್ಷೆ

ಅಫಜಲಪುರದ ಆ ಮನೆಯಲ್ಲಿ ಒಂದು ತಾಟಿನ ತುಂಬ ಬುಂದಿ ಲಾಡು ಇಟ್ಟಿದ್ದರು. ನಾವು ಒಂದೊಂದು ತೆಗೆದುಕೊಂಡೆವು. ಮಾಸ್ತರು ಬೀಗರಿಗೆ ಜೊತೆ ಕೊಡಬೇಕೆಂದು ತಾವೂ ತೆಗೆದುಕೊಂಡರು. ಆಮೇಲೆ ಇನ್ನೊಂದು. ಬಾಗಿಲಲ್ಲಿ ನಿಂತ ಅವರ ಮನೆಯವರು, ಹುಡುಗಿಯ ತಾಯಿ, ಹೆಮ್ಮೆಯಿಂದ ಹೇಳಿದರು, "ನಮ್ಮವರಿಗೆ ಶುಗರ್ ಗಿಗರ್ ಏನೂ ಇಲ್ರಿ. ಹೋದ ತಿಂಗಳ ಮಗಳ ಲ್ಯಾಬಿನಾಗೇ ರಕ್ತ ಕೊಟ್ಟು ಬಂದಾರ. 'ಎಲ್ಲಾ ನಾರ್ಮಲ್' ಅಂತ ಬಂದು ಹೇಳಿದ್ರು."

"ಹೌದೌದು" ಎಂದರು ಮಾಸ್ತರು, ಮೂರನೆಯದಕ್ಕೆ ಕೈ ಹಾಕುತ್ತಾ.

ಹುಡುಗಿ ಚಹಾ ತಂದು, ನಡುಮನೆಯ ಬಾಗಿಲಿಗೆ ಒರಗಿ ನಿಂತಳು. ತಲೆ ತಗ್ಗಿಸಲಿಲ್ಲ. ಅವಳ ಬಗ್ಗೆ ಓಣಿಯ ಹೆಂಗಸರು ಬರುವಾಗಲೇ ದೂರು ಹೇಳಿದ್ದರು. 'ಭಾಳ ಸೊಕ್ಕಿನಾಕಿ. ಯಾರಿಗೆ ಏನು ಬ್ಯಾನಿ ಅಂತ ಎಷ್ಟು ಕೇಳಿದ್ರೂ ಒಂದು ಅಕ್ಷರ ಬಾಯಿ ಬಿಡಾಂಗಿಲ್ಲ.'

ಮಾಸ್ತರು ಹಾಳೆ ತೆಗೆಯಲಿಲ್ಲ. ಈ ಸಲ ಒಂದೇ ಪ್ರಶ್ನೆ. "ನಮಗ ಹೇಳಬ್ಯಾಡ ಬಿಡಪಾ. ನಾಳೆ ಲಗ್ನ ಆದ ಮ್ಯಾಲ, ಕಟ್ಟಿಕೊಂಡ ಹೆಂಡತಿಗರ ಎಲ್ಲಾ ಹೇಳ್ತೀಯೋ ಇಲ್ಲೋ?"

ನಾನು ಅಳಿಯನ ತೊಡೆ ಚಿವುಟಿದೆ. 'ಹೂಂ ಅನ್ನಲೇ' ಎಂದು ಕಣ್ಣಲ್ಲೇ ಬೇಡಿಕೊಂಡೆ. ಒಂದು ಅಕ್ಷರ, ಒಂದೇ ಒಂದು ಸುಳ್ಳು ಅಕ್ಷರ! ನಾನಾಗಿದ್ದರೆ ಅಲ್ಲೇ ಒಂದು ಸುಳ್ಳಿನ ಗಂಟೇ ಬಿಚ್ಚುತ್ತಿದ್ದೆ. ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು.

ಅಳಿಯ ತಲೆ ಎತ್ತಿದ. "ಹೇಳಾಕ ಬರೋದನ್ನೆಲ್ಲ ಹೇಳ್ತೇನ್ರಿ. ಬರಲಾರದ್ದನ್ನ ಅವರಿಗೂ ಹೇಳಾಂಗಿಲ್ರಿ. ಈಗ ಹೂಂ ಅಂದು ಆಮ್ಯಾಲ ತಪ್ಪಾಕ ನನಗ ಬರಾಂಗಿಲ್ರಿ."

ಸಂಬಂಧ ಮುರಿದ ಸದ್ದು ನನ್ನ ಕಿವಿಗೆ ಕೇಳಿಸಿತು.

ಮಾಸ್ತರು ಲಾಡು ಹಿಡಿದ ಕೈಯನ್ನೇ ಎತ್ತಿ ತೀರ್ಪು ಕೊಟ್ಟರು. "ಹಂಗಾರ ಇದು ಆಗೋ ಮಾತಲ್ರಿ. ಹೆಂಡತಿ ಮುಂದ ಮುಚ್ಚಿಡೋ ಗಂಡಗ ನಾ ಮಗಳನ್ನ ಕೊಡಾಂಗಿಲ್ಲ. ನಮ್ಮ ಮನ್ಯಾಗ ಯಾರೂ ಯಾರ ಮುಂದನೂ ಏನೂ ಮುಚ್ಚಿಟ್ಟಿಲ್ಲ!"

"ಅಪ್ಪಾ" ಎಂದಳು ಹುಡುಗಿ. ಬಹಳ ಮೆತ್ತಗೆ. "ಖರೇನಾ? ಯಾರೂ ಏನೂ ಮುಚ್ಚಿಟ್ಟಿಲ್ಲಾ?"

ಮಾಸ್ತರು ಅವಳನ್ನು ನೋಡಿದರು. ಅವಳು ಲಾಡು ನೋಡಿದಳು.

"ಮುಚ್ಚಿಡೋದೇ ತಪ್ಪಂದ್ರ ನಾನೂ ಇವತ್ತಿಂದ ಬಿಟ್ಟುಬಿಡ್ತೇನಿ. ಲ್ಯಾಬಿನಾಗ ನೋಡಿದ್ದೆಲ್ಲಾ ಹೇಳಾಕ ಶುರು ಮಾಡ್ತೇನಿ. ಇಲ್ಲೇ, ಅವ್ವನ ಮುಂದನೇ. ಯಾರ ರಿಪೋರ್ಟಿಂದ ಶುರು ಮಾಡ್ಲಿ ಅಪ್ಪಾ?"

ಲಾಡು ಬಾಯಿಗೂ ತಾಟಿಗೂ ನಡುವೆ, ಡೀಸೆಲ್ ಮುಗಿದ ಬಸ್ಸಿನ ಹಾಗೆ ನಿಂತುಬಿಟ್ಟಿತು. ಲಾಡು ಮೆಲ್ಲಗೆ, ಯಾರಿಗೂ ಸದ್ದಾಗದಂತೆ, ತಾಟಿಗೆ ವಾಪಸು ಇಳಿಯಿತು.

"ಪಂಚಾಂಗ ತಗೊಂಬಾ" ಎಂದರು ಮಾಸ್ತರು, ಮನೆಯವರಿಗೆ.

"ಅಯ್ಯ, ಈಗ ಒಲ್ಲೆ ಅಂದ್ರಿ?"

"ಯಾರು ಅಂದ್ರು? ಹುಡುಗ ಬಂಗಾರ ಅದಾನ. ಮಾತು ಉಳಿಸಿಕೊಳ್ಳೋದು ಅಂದ್ರ ಸಣ್ಣದೇನು? ಇಂಥವರು ಮನಿಗೊಬ್ಬರು ಇರಬೇಕು. ತಗೊಂಬಾ ಅಂದ್ರ!"

ಅವರ ಮನೆಯವರು ಪಂಚಾಂಗ ತರಲಿಲ್ಲ. ಸೊಂಟಕ್ಕೆ ಕೈ ಇಟ್ಟು ಮಗಳ ಕಡೆ ತಿರುಗಿದರು. "ಏನ್ಬೇ ಅದು? ಯಾರ ರಿಪೋರ್ಟು?"

"ಹೇಳಾಕ ಬರಾಂಗಿಲ್ಲವ್ವಾ."

ಗಂಡನ ಕಡೆ ತಿರುಗಿದರು. ಮಾಸ್ತರು ನೆಲ ನೋಡಿದರು. ಅಳಿಯನ ಕಡೆ ತಿರುಗಿದರು. ಅವನು ಮೊದಲೇ ನೆಲ ನೋಡುತ್ತಿದ್ದ, ಆದರೆ ಭುಜ ಅಲುಗುತ್ತಿದ್ದವು. ನಗುತ್ತಿದ್ದ! ನಗು ತಡೆಯಲಾರದೆ ತಲೆ ಎತ್ತಿ, ಆ ಹುಡುಗಿಯನ್ನು ನೇರ ನೋಡಿ, ಇಡೀ ಮನೆಗೆ ಕೇಳುವಂತೆ ಹೇಳಿದ, "ಮಾಮಾ, ಇವರೇ ಆಗಬೇಕ್ರಿ."

ಹತ್ತು ವರ್ಷದಲ್ಲಿ ನನ್ನ ಅಳಿಯ ಬಾಯಿ ಬಿಟ್ಟು ಕೊಟ್ಟ ಮೊದಲ ಅಭಿಪ್ರಾಯ. ಅಕ್ಕ ಅಳುತ್ತಾ ನಕ್ಕಳು. ರಜೆ ಮುಗಿಯಲು ಮೂರು ದಿನ ಇರುವಾಗ ನಿಶ್ಚಿತಾರ್ಥ ಆಯಿತು. ಯಾರ ರಿಪೋರ್ಟು, ಅದರಲ್ಲಿ ಏನಿತ್ತು ಎಂದು ಇಂದಿಗೂ ನನಗೆ ತಿಳಿಯದು. ಕೇಳಿಯೂ ಇಲ್ಲ.

ಇಷ್ಟೂ ಖರೇ. ಒಂದೇ ಒಂದು ಸಣ್ಣ ವಿವರ ಮಾತ್ರ ರುಚಿಗಾಗಿ ನಾನು ಕಟ್ಟಿದ್ದು, ಒಪ್ಪಿಕೊಳ್ಳುತ್ತೇನೆ. ಬೀಗತಿಯವರು, ಅಂದರೆ ಮಾಸ್ತರರ ಮನೆಯವರು, ನಾನು ಬರೆದದ್ದನ್ನೆಲ್ಲ ತಪ್ಪದೆ ಓದುತ್ತಾರೆ, ಅದಕ್ಕೇ ಸ್ಪಷ್ಟ ಮಾಡಿಬಿಡುತ್ತೇನೆ. ಬೀಗತಿಯವರೇ, ಅಂದು ಮಾಸ್ತರರ ಕೈಯಲ್ಲಿದ್ದದ್ದು ಲಾಡು ಅಲ್ಲ. ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ. ಮೂರೂ ಸೌತೆಕಾಯಿ.